ಇಂಟರ್‌ಲೀಫ್ ಪುಸ್ತಕದ ಖಾಲಿ ಪುಟ

ಪ್ರಶ್ನೆ: ಮೇಡಂ, ನಾನು ಚಳ್ಳಕೆರೆ ತಾಲ್ಲೂಕಿನ ಹಳ್ಳಿಯವಳು. ದಾವಣಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಮೊದಲ ಪಿಯುಸಿ ಓದುತ್ತಿದ್ದೇನೆ, ಪಿಸಿಎಂಬಿ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದಿತ್ತು. ಈಗ ಬಯಾಲಜಿ ಬಿಟ್ಟರೆ ಉಳಿದದ್ದು ಕಷ್ಟವಾಗುತ್ತಿದೆ, ಅದರಲ್ಲೂ ಫಿಸಿಕ್ಸ್. ಚಿಕ್ಕಂದಿನಿಂದ ನನಗೆ ಚಿತ್ರ ಬರೆಯುವ ಹುಚ್ಚು. ಡ್ರಾಯಿಂಗ್ ಲೋಯರ್, ಹೈಯರ್ ಎರಡೂ ಪಾಸಾಗಿದೆ. ಹೊಲದಲ್ಲಿ ಸಿಗುವ ಹುಳ, ಹಕ್ಕಿ, ಗಿಡ ಇಂಥವನ್ನೇ ಹೆಚ್ಚು ಬರೆಯುತ್ತೇನೆ. ವಿಜ್ಞಾನಿ ಆಗಬೇಕು ಅಂತಲೂ ಆಸೆ. ಅಪ್ಪ ಸೊಸೈಟಿ ಸಾಲ ತೆಗೆದು ಫೀಸು ಕಟ್ಟಿದ್ದಾರೆ. 'ಮೊದಲು ಡಾಕ್ಟರ್ ಆಗು, ಆಮೇಲೆ ಏನು ಬೇಕಾದ್ರೂ ಬರ್ಕೊ' ಅನ್ನುತ್ತಾರೆ. ಸ್ಟಡಿ ಅವರ್‌ನಲ್ಲಿ ಬರೆಯುತ್ತಿದ್ದೆ ಎಂದು ವಾರ್ಡನ್ ನನ್ನ ಚಿತ್ರದ ಪುಸ್ತಕ ಕಿತ್ತುಕೊಂಡಿದ್ದಾರೆ. ಎರಡು ವರ್ಷ ಚಿತ್ರ ಬಿಟ್ಟುಬಿಡಲೇ? ಅಥವಾ ಸೈನ್ಸ್ ಬಿಟ್ಟು ಇಲ್ಲೇ ಇರುವ ದೃಶ್ಯಕಲಾ ಕಾಲೇಜಿನ ದಾರಿ ನೋಡಲೇ? ಎರಡನ್ನೂ ಹಿಡಿದುಕೊಂಡರೆ ಎರಡೂ ಕೆಡುತ್ತವೆ ಅನ್ನುತ್ತಾರೆ ಎಲ್ಲರೂ. ದಯವಿಟ್ಟು ನನ್ನ ಹೆಸರು ಹಾಕಬೇಡಿ.

ಉತ್ತರ: ಮಗಳೇ, ನಿನ್ನ ಕಾಗದದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದ ಕಂಬಳಿಹುಳವನ್ನು ಮೊದಲು ನೋಡಿದೆ. ಪ್ರಶ್ನೆ ಓದಿದ್ದು ಆಮೇಲೆ. ಆ ಹುಳದ ಬಗ್ಗೆ ನನ್ನದೊಂದು ತಕರಾರಿದೆ, ಕೊನೆಗೆ ಹೇಳುತ್ತೇನೆ.

ಕೇಳಿದ್ದಕ್ಕೆ ನೇರ ಉತ್ತರ: ಚಿತ್ರ ಬಿಡಬೇಡ, ಸೈನ್ಸನ್ನೂ ಬಿಡಬೇಡ. ಇಷ್ಟನ್ನು ಯಾರು ಬೇಕಾದರೂ ಹೇಳಿಯಾರು. ಬೆಳಗಿನ ಐದರಿಂದ ರಾತ್ರಿ ಹತ್ತೂವರೆಯವರೆಗೆ ಗಂಟೆ ಹೊಡೆದಂತೆ ನಡೆಯುವ ಹಾಸ್ಟೆಲಿನಲ್ಲಿ 'ಎರಡನ್ನೂ ಮಾಡು' ಎಂಬ ಮಾತಿನಿಂದ ನಿನಗೆ ಒಂದು ನಿಮಿಷವೂ ಹೆಚ್ಚಿಗೆ ಸಿಗುವುದಿಲ್ಲ. ಹಾಗಾಗಿ ಹೇಗೆ ಎಂಬುದನ್ನು ಹೇಳಬೇಕು. ಅದಕ್ಕೂ ಮೊದಲು, ಬಿಟ್ಟರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿದೆ, ಅದನ್ನು ಹೇಳಿಬಿಡುತ್ತೇನೆ.

ನಾನು ಬಿಟ್ಟವಳು. ನಾವಿದ್ದ ಓಣಿಯ ಹಿಂದಿನ ಬಯಲಲ್ಲಿ ಆಗ ನಾಟಕ ಕಂಪನಿಯವರು ಬಂದು ಟೆಂಟು ಹಾಕುತ್ತಿದ್ದರು. ವೃತ್ತಿ ಕಂಪನಿಗಳಿಗೆ ದಾವಣಗೆರೆ ತೌರುಮನೆ ಇದ್ದ ಹಾಗೆ. ವೃತ್ತಿ ರಂಗಭೂಮಿಯ ರಂಗಾಯಣ ಈಗ ಇದೇ ಊರಿಗೆ ಬಂದಿರುವುದು ಸುಮ್ಮನೆ ಅಲ್ಲ. ಊರಿಗೆಲ್ಲ ರಾತ್ರಿಯ ಆಟ ಬೇಕಿತ್ತು, ನನಗೆ ಹಗಲು ಬೇಕಿತ್ತು. ಹಗಲಲ್ಲಿ ಪರದೆ ಬರೆಯುವ ಅಜ್ಜ ನೆಲದ ಮೇಲೆ ಬಟ್ಟೆ ಹರವಿಕೊಂಡು ಕೂರುತ್ತಿದ್ದರು. ದರ್ಬಾರು, ಕಾಡು, ಬೀದಿ. ಅಂಟು ಕಾಯಿಸಿ ಬಣ್ಣದ ಪುಡಿ ಕಲಸುವ ಆ ವಾಸನೆ ಈಗಲೂ ಮೂಗಿನಲ್ಲಿದೆ. ಆಕಾಶ ಬಳಿಯುವಾಗ ಮೇಲಿನ ಕಡುನೀಲಿ ಕೆಳಗಿಳಿಯುತ್ತ ತಿಳಿಯಾಗಬೇಕು, ಅದೂ ಬಣ್ಣ ಆರುವುದರೊಳಗೆ. ಅಜ್ಜ ನನಗೆ ಕಾಡಿನ ಒಂದು ಮೂಲೆ ಬಿಟ್ಟುಕೊಡುತ್ತಿದ್ದರು, ಎಲೆ ತುಂಬುವುದಕ್ಕೆ.

ಪಿಯುಸಿಗೆ ಸೇರಿದ ದಿನ ಅವ್ವ ನನ್ನ ಬಣ್ಣದ ಡಬ್ಬಿಯನ್ನು ಅಟ್ಟಕ್ಕೆ ಹಾಕಿದಳು. 'ಎರಡೇ ವರ್ಷ' ಅಂದಳು. ನಾನೂ ಹೂಂ ಅಂದೆ. ಎರಡು ವರ್ಷ ಕಳೆದ ಮೇಲೆ ಬಿಎಸ್ಸಿ ಬಂತು, ಅದರ ಹಿಂದೆ ಎಂಎಸ್ಸಿ, ಮದುವೆ, ನೌಕರಿ. ಡಬ್ಬಿ ಇಳಿಸಿದ್ದು ಹನ್ನೊಂದು ವರ್ಷಕ್ಕೆ. ಬಣ್ಣ ಕಲ್ಲಾಗಿತ್ತು. ಅದು ಹೋಗಲಿ, ಹೊಸದು ತರಬಹುದು. ಕೆಲಸಕ್ಕೆ ಸೇರಿದ ಮೊದಲ ವರ್ಷ ತುಂಬೆ ಹೂವನ್ನು ಬೋರ್ಡಿನ ಮೇಲೆ ಬರೆಯಲು ಸೀಮೆಸುಣ್ಣ ಎತ್ತಿದೆ. ಮೇಲ್ತುಟಿ ಟೊಪ್ಪಿಗೆಯ ಹಾಗೆ ಬಾಗಿರುತ್ತದೆ, ಕೆಳತುಟಿ ಮೂರು ಹೋಳಾಗಿ ನಡುವಿನದು ಅಗಲವಾಗಿ ಹರಡಿರುತ್ತದೆ, ನಾಲ್ಕು ಕೇಸರಗಳು ಆ ಟೊಪ್ಪಿಗೆಯ ಅಡಿಯಲ್ಲಿ ಅಡಗಿ ಕೂತಿರುತ್ತವೆ. ಇದೆಲ್ಲ ನನಗೆ ಬಾಯಿಪಾಠ. ಆದರೆ ಆ ಬಾಗು ಎಲ್ಲಿಂದ ಶುರುವಾಗುತ್ತದೆ ಎಂದು ಕೈಗೆ ಗೊತ್ತಾಗಲಿಲ್ಲ. ಕೈಗೆ ಮಾತ್ರವೇ? ಕಣ್ಣಿಗೂ ಗೊತ್ತಿರಲಿಲ್ಲ. ಅಷ್ಟು ವರ್ಷ ಸಸ್ಯಶಾಸ್ತ್ರ ಓದಿದ ನಾನು ತುಂಬೆ ಹೂವನ್ನು ಓದಿದ್ದೆ, ನೋಡಿರಲಿಲ್ಲ. ಮೊದಲು ನೋಡುತ್ತಿದ್ದೆ, ಆ ಹನ್ನೊಂದು ವರ್ಷದಲ್ಲಿ ಅದು ಹೋಗಿತ್ತು.

ಹೀಗಾಗಿ ನಾನು ಹೇಳುವುದು ಒಂದೇ ಮಾತು. ನಿನ್ನ ಚಿತ್ರಕಲೆ ನಿನ್ನ ವಿಜ್ಞಾನದ ಸವತಿಯಲ್ಲ. ನೀನು ಬರೆಯುವ ಬಗೆಯ ಚಿತ್ರ, ಅಂದರೆ ಹುಳ, ಗಿಡ, ಹಕ್ಕಿಯನ್ನು ಎದುರಿಗಿಟ್ಟುಕೊಂಡು ಬರೆಯುವುದು, ವಿಜ್ಞಾನದ ಅರ್ಧ ಕೆಲಸ. ಉಳಿದರ್ಧ ಕೆಲಸ ಲೆಕ್ಕದ್ದು. ಅದಕ್ಕೆ ನೀನು ಬೆನ್ನು ತಿರುಗಿಸುತ್ತಿದ್ದೀಯ ಎಂಬ ಗುಮಾನಿ ನನಗಿದೆ, ಆ ಕಡೆಗೂ ಬರುತ್ತೇನೆ.

1840ರ ದಶಕದಲ್ಲಿ ನಮ್ಮ ಪಕ್ಕದ ಶಿವಮೊಗ್ಗದಲ್ಲಿ ಹ್ಯೂ ಕ್ಲೆಗಾರ್ನ್ ಎಂಬ ಕಂಪನಿ ಸರ್ಕಾರದ ಡಾಕ್ಟರಿದ್ದ. ಸಸ್ಯಶಾಸ್ತ್ರದ ಹಿರಿಯರೊಬ್ಬರು ಅವನಿಗೆ ಕೊಟ್ಟಿದ್ದ ಬುದ್ಧಿಮಾತು ಇಷ್ಟೇ: ದಿನಕ್ಕೊಂದು ಗಿಡ, ಕಾಲು ಗಂಟೆ. ಆಸ್ಪತ್ರೆ ಕೆಲಸದ ನಡುವೆ ಅವನು ಅದನ್ನು ಪಾಲಿಸಿದ. ಒಬ್ಬ ಮರಾಠಿ ಕಲಾವಿದನನ್ನು ಇಟ್ಟುಕೊಂಡು, ನೋಡಿದ ಗಿಡವನ್ನೆಲ್ಲ ಬರೆಸಿದ. ಆ ಚಿತ್ರಗಳು ಈಗ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿವೆ. ಮುಂದೆ ಇದೇ ಮನುಷ್ಯ ಮದ್ರಾಸ್ ಪ್ರಾಂತ್ಯದ ಅರಣ್ಯ ಇಲಾಖೆಯನ್ನು ಕಟ್ಟಿದ. ಅವನಿಗೆ ಚಿತ್ರ ಬರೆಯಲು ಬೇರೆಯವರು ಬೇಕಿತ್ತು, ನಿನಗೆ ಬೇಡ. ಕಾಲು ಗಂಟೆ ಎಂಬ ಅಳತೆಯನ್ನು ಮಾತ್ರ ಅವನಿಂದ ತೆಗೆದುಕೊ.

ಆ ಕಾಲು ಗಂಟೆ ಎಲ್ಲಿಂದ ಬರುತ್ತದೆ? ಅಂಗಡಿಯಲ್ಲಿ ಇಂಟರ್‌ಲೀಫ್ ನೋಟ್‌ಬುಕ್ ಸಿಗುತ್ತದಲ್ಲ, ಒಂದು ಕಡೆ ಗೆರೆ, ಒಂದು ಕಡೆ ಖಾಲಿ ಹಾಳೆ. ಬಯಾಲಜಿಗೆ ಅದನ್ನೇ ತಗೋ. ಖಾಲಿ ಪುಟ ಇರುವುದೇ ಚಿತ್ರಕ್ಕೆ. ಸ್ಟಡಿ ಅವರ್‌ನಲ್ಲಿ ಅದನ್ನು ತೆರೆದು ಬರೆಯುತ್ತ ಕೂತರೆ ಯಾವ ವಾರ್ಡನ್ನೂ ಕಿತ್ತುಕೊಳ್ಳಲಾರರು, ಅದು ಪಾಠದ ಪುಸ್ತಕ. ಇದು ಕಳ್ಳದಾರಿಯಲ್ಲ. ಮೊದಲ ಪಿಯುಸಿಯಲ್ಲಿ ಹೂಬಿಡುವ ಸಸ್ಯಗಳ ರಚನೆ ಇದೆ, ಬೇರು ಕಾಂಡಗಳ ಒಳರಚನೆ ಇದೆ, ಕಪ್ಪೆ ಇದೆ. ಎರಡನೆಯದರಲ್ಲಿ ಹೂವಿನಲ್ಲಿ ಮುಂದೆ ಬೀಜವಾಗುವ ಭಾಗದೊಳಗಿನ ಭ್ರೂಣಕೋಶ ಬರುತ್ತದೆ, ಏಳು ಕೋಶ ಎಂಟು ಕೋಶಕೇಂದ್ರ, ಮಕ್ಕಳೆಲ್ಲ ತಪ್ಪು ಮಾಡುವ ಜಾಗ. ಒಮ್ಮೆ ಕೈಯಾರೆ ಬರೆದವರು ಅಲ್ಲಿ ತಪ್ಪುವುದಿಲ್ಲ.

ಆದರೆ ಪುಸ್ತಕದ ಚಿತ್ರ ನೋಡಿ ಬರೆಯಬೇಡ. ಮೂವತ್ತೊಂದು ವರ್ಷ ರೆಕಾರ್ಡ್ ಬುಕ್ ತಿದ್ದಿದವಳು ಹೇಳುತ್ತಿದ್ದೇನೆ: ಸೂಕ್ಷ್ಮದರ್ಶಕದ ಕೆಳಗೆ ಜೋಳದ ಕಾಂಡದ ಸೀಳು ಇರುತ್ತದೆ, ಹುಡುಗರು ಅದರೊಳಗೆ ಒಮ್ಮೆ ಇಣುಕಿ, ಸೀನಿಯರ್ ಕೊಟ್ಟ ರೆಕಾರ್ಡಿನಿಂದ ನಕಲು ಇಳಿಸುತ್ತಾರೆ. ಆ ಸೀನಿಯರ್ ತನ್ನ ಸೀನಿಯರಿನದನ್ನು ಇಳಿಸಿರುತ್ತಾನೆ. ಒಂದು ವರ್ಷ ಒಂದು ಇಡೀ ಬ್ಯಾಚಿನವರು ಬೇರಿನ ಚಿತ್ರದಲ್ಲಿ ಒಂದೇ ಜಾಗದಲ್ಲಿ ಒಂದೇ ಕೋಶವನ್ನು ಬಿಟ್ಟಿದ್ದರು. ಯಾರೋ ಪುಣ್ಯಾತ್ಮ ಹಿಂದೆಂದೋ ಮರೆತ ಕೋಶ ಅದು. ನೂರಕ್ಕೆ ನೂರು ಅಂದದ ಚಿತ್ರಗಳು, ಒಬ್ಬರೂ ಬೇರನ್ನು ನೋಡಿರಲಿಲ್ಲ. ನಿನ್ನ ಕೈಯಲ್ಲಿ ಅಂದ ಇರುವುದರಿಂದ ನಿನಗೆ ಈ ಅಪಾಯ ಹೆಚ್ಚು. ಹಾಗಾಗಿ ಬಣ್ಣ ಬೇಡ, ತೀಡಿ ತೀಡಿ ನೆರಳು ಕೊಡುವುದೂ ಬೇಡ. ಮೊನೆ ಮಾಡಿದ ಪೆನ್ಸಿಲು, ಒಂದೇ ಗೆರೆ, ನೆರಳು ಬೇಕಾದರೆ ಚುಕ್ಕಿ. ಹಾಸ್ಟೆಲಿನ ಕಾಂಪೌಂಡಿನ ಬುಡದಲ್ಲಿ ತುಂಬೆ ಇದ್ದೇ ಇರುತ್ತದೆ. ಅಲ್ಲಿಂದ ಶುರು ಮಾಡು.

ಊರಿಗೆ ಹೋದಾಗ ಬರೆಯಲು ಇನ್ನೊಂದಿದೆ. ನಿಮ್ಮದು ಶೇಂಗಾ ಸೀಮೆ. ಚಳ್ಳಕೆರೆಗೆ ಎಣ್ಣೆ ನಗರ ಎಂದು ಹೆಸರು ಬಂದದ್ದೇ ಆ ಬೆಳೆಯಿಂದ. ಶೇಂಗಾದ ಹಳದಿ ಹೂ ಮಣ್ಣಿನ ಮೇಲೆ ಅರಳುತ್ತದೆ, ಕಾಯಿ ಮಣ್ಣಿನ ಕೆಳಗೆ. ನಡುವೆ ಏನು ನಡೆಯುತ್ತದೆ? ಹೂ ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಕಡ್ಡಿಯೊಂದು ಹೊರಟು, ಬಾಗಿ, ನೆಲ ಹುಡುಕಿಕೊಂಡು ಇಳಿಯುತ್ತದೆ. ತುದಿಯಲ್ಲಿ ಬೀಜವಾಗಬೇಕಾದದ್ದನ್ನು ಹೊತ್ತುಕೊಂಡೇ ಇಳಿಯುತ್ತದೆ, ಮಣ್ಣೊಳಗೆ ಹೊಕ್ಕ ಮೇಲೆ ಊದಿ ಕಾಯಾಗುತ್ತದೆ. ಒಂದೇ ಗಿಡಕ್ಕೆ ದಾರ ಕಟ್ಟಿ ಗುರುತಿಟ್ಟು, ಹೂ ಬಿಟ್ಟ ದಿನದಿಂದ ಕಡ್ಡಿ ಮಣ್ಣು ಮುಟ್ಟುವವರೆಗೆ ದಿನಾ ಒಂದು ಚಿತ್ರ ಬರೆ. ಪಕ್ಕದಲ್ಲಿ ತಾರೀಖು, ಕಡ್ಡಿಯ ಉದ್ದ ಮಿಲಿಮೀಟರಿನಲ್ಲಿ. ನೀನು ಊರಲ್ಲಿಲ್ಲದ ದಿನ ತಮ್ಮನೋ ತಂಗಿಯೋ ಇದ್ದರೆ ಸ್ಕೇಲು ಕೊಟ್ಟು ಅಳೆಸು. ಆಮೇಲೆ ಆ ಅಳತೆಗಳನ್ನು ಗ್ರಾಫಿನ ಹಾಳೆಯ ಮೇಲಿಡು. ಚಿತ್ರ ಮುಗಿದು ಲೆಕ್ಕ ಎಲ್ಲಿ ಶುರುವಾಗುತ್ತದೆ ಎಂಬುದು ಆಗ ಯಾರೂ ಹೇಳಿಕೊಡದೆ ತಿಳಿಯುತ್ತದೆ.

ನೀನು ಬರೆದಿರುವ ಹುಳ ಕೆಂಪು ತಲೆ ಕಂಬಳಿಹುಳ ತಾನೇ? ಶೇಂಗಾ ಬೆಳೆಯುವವರಿಗೆ ಅದರ ಹೆಸರೇ ಸಾಕು, ಹೊಟ್ಟೆ ಉರಿಯುತ್ತದೆ. ಮುಂಗಾರಿನ ಮೊದಲ ಹದಮಳೆ ಬಿದ್ದ ಮೇಲೆ ಎಲ್ಲಿಂದಲೋ ಬಿಳಿ ರೆಕ್ಕೆಯ ಪತಂಗಗಳು ಏಳುತ್ತವೆ, ಮೊಟ್ಟೆ ಇಡುತ್ತವೆ, ಹುಳಗಳು ಹಿಂಡುಹಿಂಡಾಗಿ ಒಂದು ಹೊಲ ತಿಂದು ಇನ್ನೊಂದಕ್ಕೆ ನಡೆಯುತ್ತವೆ. ಅದಕ್ಕೇ ಹೊಲದ ಸುತ್ತ ಕಂದಕ ತೋಡುವುದು, ರಾತ್ರಿ ಬೆಂಕಿ ಹಾಕಿ ಪತಂಗಗಳನ್ನು ಸೆಳೆಯುವುದು. ತಿಂದು ಬಲಿತ ಹುಳ ಮಣ್ಣಿಗಿಳಿದು ಪ್ಯೂಪಾ ಆಗಿ ಮುಂದಿನ ಮಳೆಯವರೆಗೆ ಮಲಗುತ್ತದೆ. ನೋಡದವರಿಗೆ ಮಳೆಯೇ ಮಣ್ಣಿನಿಂದ ಹುಳ ಹುಟ್ಟಿಸಿದಂತೆ ಕಾಣುತ್ತದೆ.

ಯುರೋಪಿನವರೂ ಹಾಗೇ ಅಂದುಕೊಂಡಿದ್ದರು, ಹುಳಗಳು ಕೆಸರಿನಿಂದ, ಕೊಳೆತದ್ದರಿಂದ ಹುಟ್ಟುತ್ತವೆ ಎಂದು. ಅದು ಸುಳ್ಳೆಂದು ಕಣ್ಣಿಗೆ ಕಾಣುವಂತೆ ತೋರಿಸಿದವರಲ್ಲಿ ಒಬ್ಬಳು ಮರಿಯಾ ಸಿಬಿಲ್ಲಾ ಮೆರಿಯನ್. 1647ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದವಳು. ಮಲತಂದೆ ಚಿತ್ರಕಾರ, ಕಲಿತದ್ದು ಅವನಿಂದಲೇ ಹೂವಿನ ಚಿತ್ರ ಬರೆಯುವುದನ್ನು. ಹದಿಮೂರನೇ ವಯಸ್ಸಿಗೆ ರೇಷ್ಮೆ ಹುಳ ಸಾಕಲು ಶುರು ಮಾಡಿದಳು. ನಮ್ಮ ಕಡೆ ರೇಷ್ಮೆ ಸಾಕುವ ಮನೆಗಳಲ್ಲಿ ಹೆಣ್ಣುಮಕ್ಕಳು ಮಾಡುವ ಕೆಲಸವೇ ಅದು, ಆದರೆ ಅವಳು ಮೊಟ್ಟೆ, ಹುಳ, ಗೂಡು, ಪತಂಗ ಎಲ್ಲವನ್ನೂ ಬರೆದಿಟ್ಟಳು. ಆಮೇಲೆ ಬೇರೆ ಕಂಬಳಿಹುಳಗಳನ್ನು ತಂದು ಸಾಕಿ, ಯಾವ ಹುಳ ಯಾವ ಗಿಡ ತಿನ್ನುತ್ತದೆ, ಯಾವ ಪತಂಗವಾಗುತ್ತದೆ ಎಂದು ಒಂದೇ ಹಾಳೆಯ ಮೇಲೆ ಗಿಡದ ಸಮೇತ ಬರೆದಳು. 1699ರಲ್ಲಿ, ಐವತ್ತು ದಾಟಿದ ಮೇಲೆ, ಕಿರಿಮಗಳನ್ನು ಕರೆದುಕೊಂಡು ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋದಳು, ಅಲ್ಲಿನ ಹುಳಗಳನ್ನು ನೋಡುವುದಕ್ಕೆ. ಅವಳು ಯಾವ ವಿಶ್ವವಿದ್ಯಾಲಯದ ಮೆಟ್ಟಿಲನ್ನೂ ಹತ್ತಿದವಳಲ್ಲ. ನೀನು ಹತ್ತಬಹುದು, ಹತ್ತಬೇಕು.

ಹತ್ತುವ ಮಾತಿಗೆ ಬರೋಣ, ಇಲ್ಲಿ ಸಿಹಿ ಮಾತಿಗೆ ಜಾಗವಿಲ್ಲ. ಬೋರ್ಡ್ ಪರೀಕ್ಷೆಯಲ್ಲಿ ಭಾಗ ಗುರುತಿಸಿದ ಚಿತ್ರಕ್ಕೆ ಅಂಕ ಇದೆ. ಸಿಇಟಿಯಲ್ಲಿ, ನೀಟ್‌ನಲ್ಲಿ ನಿನ್ನ ಗೆರೆಯನ್ನು ನೋಡುವವರು ಯಾರೂ ಇಲ್ಲ. ಸಿಇಟಿ ಅಂದರೆ ಒಂದೊಂದು ವಿಷಯಕ್ಕೆ 80 ನಿಮಿಷದಲ್ಲಿ 60 ಪ್ರಶ್ನೆ. ನೀಟ್ ಅಂದರೆ 180 ನಿಮಿಷದಲ್ಲಿ 180 ಪ್ರಶ್ನೆ, ಅದರಲ್ಲಿ ಅರ್ಧ ಬಯಾಲಜಿ, ಉಳಿದರ್ಧ ಫಿಸಿಕ್ಸ್ ಮತ್ತು ಕೆಮಿಸ್ಟ್ರಿ. ಗುಂಡಿ ಕಪ್ಪು ಮಾಡುವ ಕೈಗೆ ಚಿತ್ರಕಲೆ ಬೇಕಿಲ್ಲ. ಚಿತ್ರದಿಂದ ನೆನಪು ಗಟ್ಟಿಯಾಗುತ್ತದೆ, ಅಷ್ಟು ನಿಜ. ಫಿಸಿಕ್ಸಿನ ಲೆಕ್ಕವನ್ನು ಮಾತ್ರ ಅದು ಮಾಡಿಕೊಡುವುದಿಲ್ಲ.

ಈಗ ನನ್ನ ಗುಮಾನಿ. ಮುಂದಿನ ಹದಿನೈದು ದಿನ ಒಂದು ಚೀಟಿಯಲ್ಲಿ ಗುರುತು ಹಾಕು: ಯಾವ ಯಾವ ಹೊತ್ತಿಗೆ ಚಿತ್ರದ ಪುಸ್ತಕದ ಕಡೆ ಕೈ ಹೋಯಿತು, ಅದಕ್ಕೆ ಐದು ನಿಮಿಷ ಮುಂಚೆ ಏನು ಓದುತ್ತಿದ್ದೆ. ಹತ್ತರಲ್ಲಿ ಏಳು ಸಲ ಫಿಸಿಕ್ಸಿನ ಲೆಕ್ಕ ತಲೆಗೆ ಹತ್ತದಾಗಲೇ ಕೈ ಹೋಗಿದ್ದರೆ, ಆಗ ಅದು ಚಿತ್ರದ ಮೇಲಿನ ಪ್ರೀತಿಯಲ್ಲ, ಅಡಗುವ ಜಾಗ. ನಾನೂ ಅಡಗಿದ್ದೇನೆ, ನನಗೆ ಆ ಮೂಲೆ ಗೊತ್ತು. ಹಾಗಿದ್ದರೆ ನಿಯಮ ಒಂದೇ: ಸಿಕ್ಕಿಕೊಂಡಾಗ ಚಿತ್ರ ಇಲ್ಲ. ಸಿಕ್ಕು ಬಿಡಿಸಿದ ಮೇಲೆ, ಅಥವಾ ಮೇಷ್ಟ್ರನ್ನು ಕೇಳಲು ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆದಿಟ್ಟ ಮೇಲೆ ಚಿತ್ರ. ಇನ್ನೊಂದು ಮಾತು, ನಿನ್ನಂಥವರು ಫಿಸಿಕ್ಸಿನಲ್ಲಿ ಎಡವುವುದು ಹೆಚ್ಚಾಗಿ ಚಿತ್ರವನ್ನು ಅಲ್ಲಿಗೆ ಒಯ್ಯದೆ ಇರುವುದರಿಂದ. ಇಳಿಜಾರಿನ ಮೇಲೆ ಮರದ ತುಂಡು ಜಾರುವ ಲೆಕ್ಕ ಬಂದರೆ ಸೂತ್ರ ಹುಡುಕುವ ಮೊದಲು ಆ ತುಂಡನ್ನು ದೊಡ್ಡದಾಗಿ ಬರೆದು ಅದರ ಮೇಲಿನ ಎಲ್ಲ ಬಲಗಳಿಗೂ ಬಾಣ ಹಾಕು. ಅರ್ಧ ಪುಟ ಹೋದರೆ ಹೋಗಲಿ. ಹುಳಕ್ಕೆ ಕೊಡುವ ಗಮನದ ಕಾಲು ಭಾಗ ಆ ತುಂಡಿಗೆ ಕೊಟ್ಟರೂ ನಡೆಯುತ್ತದೆ.

ದೃಶ್ಯಕಲಾ ಕಾಲೇಜಿನ ವಿಚಾರ. 1964ರಷ್ಟು ಹಿಂದೆಯೇ ಶುರುವಾದ ಕಾಲೇಜು ಅದು, ಈಗ ದಾವಣಗೆರೆ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ನಮ್ಮೂರಿನ ಹೆಮ್ಮೆಗಳಲ್ಲಿ ಒಂದು, ಬೆಣ್ಣೆದೋಸೆಯ ಗಲಾಟೆಯಲ್ಲಿ ನಾವು ಅದನ್ನು ಮರೆಯುತ್ತೇವೆ. ಅಲ್ಲಿಗೆ ಹೋಗುವುದು ಸೋತು ಹೋಗುವುದು ಎಂದು ಯಾರಾದರೂ ಅಂದರೆ ನಂಬಬೇಡ. ಆದರೆ ಬಾಗಿಲುಗಳ ವಿಚಾರ ಗೊತ್ತಿರಲಿ. ಸೈನ್ಸಿನಲ್ಲಿ ಪಿಯುಸಿ ಮುಗಿಸಿದವರು ದೃಶ್ಯಕಲೆಯ ಪದವಿಯಾದ ಬಿವಿಎಗೆ ಹೋಗಬಹುದು. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಾದ ಎನ್‌ಐಡಿಯ ಡಿಸೈನ್ ಪದವಿಗೆ ಪರೀಕ್ಷೆ ಬರೆಯಬಹುದು. ಐಐಟಿಗಳ ಬಿ.ಡೆಸ್‌ಗೆ ಯುಸೀಡ್ ಎಂಬ ಪ್ರವೇಶ ಪರೀಕ್ಷೆ ಬರೆಯಬಹುದು. ಈಗ ಸೈನ್ಸ್ ಬಿಟ್ಟು ಆರ್ಟ್ಸ್ ತೆಗೆದುಕೊಂಡವರು ನಾಳೆ ಮನಸ್ಸು ತಿರುಗಿದರೆ ಜೀವಶಾಸ್ತ್ರದ ಪದವಿಗೆ ಬರಲಾರರು. ಒಂದು ಕಡೆಯಿಂದ ಮಾತ್ರ ತೆರೆಯುವ ಬಾಗಿಲು ಇದು. ಇದು ಸರಿಯೇ ಎಂದು ಕೇಳಿದರೆ ಸರಿಯಲ್ಲ ಎನ್ನುತ್ತೇನೆ. ಕಲೆ, ವಿಜ್ಞಾನಗಳ ನಡುವೆ ಗೋಡೆ ಇರಬಾರದು ಎಂದು 2020ರ ಶಿಕ್ಷಣ ನೀತಿಯಲ್ಲೇ ಬರೆದಿದ್ದಾರೆ, ಗೋಡೆ ಮಾತ್ರ ಇದ್ದಲ್ಲೇ ಇದೆ. ಆದ್ದರಿಂದ ಸದ್ಯ ನೀನಿರುವ ಕಡೆ ಇರು. ಒಂದು ಎಚ್ಚರ: ಅಪ್ಪಂದಿರು ಇದೇ ಮಾತನ್ನು ಹಿಡಿದುಕೊಂಡು 'ಹಾಗಾದ್ರೆ ಚಿತ್ರ ಮುಚ್ಚಿಡು' ಅನ್ನುತ್ತಾರೆ. ಬಾಗಿಲ ಲೆಕ್ಕ ಸೈನ್ಸಿನಲ್ಲಿ ಉಳಿಯಲು ಕಾರಣ ಕೊಡುತ್ತದೆ, ಚಿತ್ರ ಬಿಡಲು ಕೊಡುವುದಿಲ್ಲ.

ಎರಡನೇ ಪಿಯುಸಿ ಆದಮೇಲೆ ಡಾಕ್ಟರಿಕೆ ಒಂದೇ ದಾರಿಯಲ್ಲ. ಸಂಶೋಧನೆ ಬೇಕೆಂದಿದ್ದರೆ ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆಗಳಾದ ಐಸರ್‌ಗಳಲ್ಲಿ ಐದು ವರ್ಷದ ಬಿಎಸ್-ಎಂಎಸ್ ಇದೆ. ಅದಕ್ಕೆ ಐಎಟಿ ಎಂಬ ಪರೀಕ್ಷೆ: 60 ಪ್ರಶ್ನೆ, ಬಯಾಲಜಿ, ಕೆಮಿಸ್ಟ್ರಿ, ಗಣಿತ, ಫಿಸಿಕ್ಸ್ ಒಂದೊಂದಕ್ಕೂ ಹದಿನೈದು. ಫಿಸಿಕ್ಸನ್ನು ತಪ್ಪಿಸಿಕೊಂಡು ಹೋಗುವ ಹಾಗಿಲ್ಲ ಎಂದು ಇದರಿಂದಲೇ ತಿಳಿಯುತ್ತದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ನಾಲ್ಕು ವರ್ಷದ ಪದವಿ ಇದೆ. ಅದೇ ಸಂಸ್ಥೆಯ ಎರಡನೇ ಕ್ಯಾಂಪಸ್ ನಿಮ್ಮ ತಾಲ್ಲೂಕಿನ ಕುದಾಪುರದಲ್ಲಿದೆ. ಕಾಂಪೌಂಡ್ ಗೋಡೆಯ ಹೊರಗಿನಿಂದ ಮಾತ್ರ ನೋಡಿರುತ್ತೀಯ. ಬೋರ್ಡ್ ಪರೀಕ್ಷೆಯಲ್ಲಿ ತೀರಾ ಮೇಲಿನ ಸ್ಥಾನದಲ್ಲಿ ಬಂದು ಮೂಲವಿಜ್ಞಾನ ಓದುವವರಿಗೆ ಇನ್‌ಸ್ಪೈರ್ ವಿದ್ಯಾರ್ಥಿವೇತನ ಇದೆ, ವರ್ಷಕ್ಕೆ 80,000 ರೂಪಾಯಿ. ಇವೆಲ್ಲಕ್ಕಿಂತ ನಿನ್ನ ಹುಳದ ಚಿತ್ರ ನೋಡಿ ನನಗೆ ಹೊಳೆದದ್ದು ಬೇರೆ: ಕೃಷಿ ಅಥವಾ ತೋಟಗಾರಿಕೆ ಪದವಿ, ಆಮೇಲೆ ಕೀಟಶಾಸ್ತ್ರ. ಸಿಇಟಿ ಮೂಲಕ ಸೀಟು, ರೈತರ ಮಕ್ಕಳಿಗೆ ಬೇರೆಯದೇ ಕೋಟಾ ಇದೆ. ತೋಟಗಾರಿಕೆ ಕಾಲೇಜಂತೂ ನಿಮ್ಮ ಜಿಲ್ಲೆಯ ಹಿರಿಯೂರಿನಲ್ಲೇ ಇದೆ. ಬರೀ ವೈಜ್ಞಾನಿಕ ಚಿತ್ರ ಬರೆದೇ ಸಂಬಳ ಎಣಿಸುವ ಹುದ್ದೆಗಳು ನಮ್ಮಲ್ಲಿ ಬೆರಳೆಣಿಕೆಯಷ್ಟು, ಅದನ್ನು ನಂಬಿಕೊಂಡು ಕೂರಬೇಡ. ಚಿತ್ರ ಬಲ್ಲ ಕೀಟಶಾಸ್ತ್ರಜ್ಞೆಗೆ ಎಲ್ಲೆಡೆ ಕೆಲಸವಿದೆ.

ಬಿ.ಜಿ.ಎಲ್. ಸ್ವಾಮಿಯವರು ಹಾಗೇ ಬದುಕಿದವರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರು, 'ಹಸುರು ಹೊನ್ನು'ವಿನ ಚಿತ್ರಗಳೂ ಅವರ ಕೈಯವೇ. ಕಾಲೇಜು ಲೈಬ್ರರಿಯಲ್ಲಿ ಕೇಳಿ ತಂದು, ಮೊದಲು ಚಿತ್ರಗಳನ್ನಷ್ಟೇ ನೋಡು.

ಇಲ್ಲಿಂದ ಒಂದು ಪ್ಯಾರಾ ನಿನ್ನ ಅಪ್ಪನಿಗೆ. ಮುಂದಿನ ಸಲ ಊರಿಗೆ ಹೋದಾಗ ಓದಿ ಹೇಳು.

ಅಣ್ಣಾ, ನೀವು ಸಾಲ ತೆಗೆದು ಮಗಳನ್ನು ಓದಿಸುತ್ತಿದ್ದೀರಿ. ಅವಳು ದಾರಿ ತಪ್ಪಿದರೆ ಎಂಬ ನಿಮ್ಮ ಅಂಜಿಕೆ ನ್ಯಾಯವಾದದ್ದು. ನೂರೈವತ್ತು ವರ್ಷದ ಹಿಂದೆ ಸ್ಪೇನ್ ದೇಶದಲ್ಲಿ ನಿಮ್ಮಂಥವರೇ ಒಬ್ಬ ತಂದೆ ಇದ್ದರು, ವೃತ್ತಿಯಿಂದ ಡಾಕ್ಟರು. ಮಗನಿಗೆ ಚಿತ್ರದ ಹುಚ್ಚು, ತಂದೆಗೆ ಅವನನ್ನು ಡಾಕ್ಟರ್ ಮಾಡುವ ಹಟ. ಹೊಡೆದರು, ಕ್ಷೌರಿಕನ ಹತ್ತಿರ, ಚಪ್ಪಲಿ ಹೊಲಿಯುವವನ ಹತ್ತಿರ ಕೆಲಸಕ್ಕೆ ಹಚ್ಚಿದರು, ಹುಡುಗ ಬಗ್ಗಲಿಲ್ಲ. ಕೊನೆಗೆ ತಂದೆ ಒಂದು ಉಪಾಯ ಮಾಡಿದರು. ಮಗನನ್ನು ಸ್ಮಶಾನಕ್ಕೆ ಕರೆದೊಯ್ದು, ಮೂಳೆಗಳನ್ನು ತಂದು ಎದುರಿಗಿಟ್ಟು, 'ಬರಿ ಇದನ್ನ' ಅಂದರು. ಹುಡುಗ ಬರೆಯುತ್ತ ಬರೆಯುತ್ತ ವೈದ್ಯ ಓದಿದ. ಅವನೇ ಸಾಂಟಿಯಾಗೊ ರಮೋನ್ ಇ ಕಹಾಲ್. ಮಿದುಳಿನ ನರಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ನೋಡಿ ಬರೆದು, ಅವು ಒಂದಕ್ಕೊಂದು ಅಂಟಿಕೊಂಡ ಬಲೆಯಲ್ಲ, ಬಿಡಿ ಬಿಡಿ ಕೋಶಗಳು ಎಂದು ತೋರಿಸಿದ. 1906ರಲ್ಲಿ ನೊಬೆಲ್ ಬಂತು. ಬಲೆ ಎಂದೇ ವಾದಿಸುತ್ತಿದ್ದ ಗಾಲ್ಜಿಗೂ ಅದೇ ವರ್ಷ ಅದೇ ಬಹುಮಾನದಲ್ಲಿ ಪಾಲು ಬಂತು. ಗಾಲ್ಜಿ ಹೆಸರು ನಿಮ್ಮ ಮಗಳ ಪಾಠದಲ್ಲಿದೆ, ಕೇಳಿ ನೋಡಿ, ಹೇಳುತ್ತಾಳೆ. ನಿಮ್ಮ ಮಗಳು ನೊಬೆಲ್ ತರುತ್ತಾಳೆ ಎಂದು ನಾನು ಹೇಳುತ್ತಿಲ್ಲ. ಆ ತಂದೆ ಪೆನ್ಸಿಲು ಕಿತ್ತುಕೊಂಡಷ್ಟು ಕಾಲ ಸೋತರು, ಬರೆಯಲು ಮೂಳೆ ಕೊಟ್ಟ ದಿನ ಗೆದ್ದರು. ನೀವು ಮಗಳಿಗೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಕೈಮಸೂರ ಕೊಡಿಸಿ. ಒಂದು ಚೀಲ ಗೊಬ್ಬರದಷ್ಟೂ ಖರ್ಚಾಗುವುದಿಲ್ಲ.

ವಾರ್ಡನ್ ಹತ್ತಿರ ಹೋಗಿ ಪುಸ್ತಕ ವಾಪಸು ಕೇಳು. ಅಳಬೇಡ, ವಾದಿಸಬೇಡ. 'ಸ್ಟಡಿ ಅವರ್‌ನಲ್ಲಿ ತೆರೆಯಲ್ಲ, ಭಾನುವಾರ ಮಧ್ಯಾಹ್ನ ಮಾತ್ರ' ಎಂದು ನೀನೇ ಮೊದಲು ಹೇಳು, ಹಾಗೇ ನಡೆದುಕೊ. ನೂರು ಹುಡುಗಿಯರ ಅಪ್ಪಂದಿರಿಗೆ ಉತ್ತರ ಹೇಳಬೇಕಾದ ಹೆಂಗಸು ಆಕೆ, ಆಕೆಗೆ ಬೇಕಾದದ್ದು ಮಾತು ಉಳಿಸಿಕೊಳ್ಳುವ ಒಬ್ಬ ಹುಡುಗಿ. ಕೊಡದಿದ್ದರೆ ಬಿಡು, ಇಂಟರ್‌ಲೀಫ್ ಇದೆಯಲ್ಲ.

ಇದನ್ನು ಓದುತ್ತಿರುವ ನಾಟಕದ, ನೃತ್ಯದ ಮಕ್ಕಳು ನನ್ನ ಮೇಲೆ ಸಿಟ್ಟಾಗಬಹುದು. ಅವರಿಗೆ ಈ ಉತ್ತರ ಹೊಂದುವುದಿಲ್ಲ. ಚಿತ್ರ ಒಬ್ಬರೇ ಕೂತು ಕಾಲು ಗಂಟೆಯಲ್ಲಿ ಆಗುವ ಕೆಲಸ. ತಾಲೀಮು ಅಂದರೆ ಮೂರು ಗಂಟೆ, ಒಬ್ಬ ಬಾರದಿದ್ದರೆ ಹತ್ತು ಜನ ಕಾಯಬೇಕು. ಅದನ್ನು ಪಿಯುಸಿಯ ಎರಡು ವರ್ಷದಲ್ಲಿ ದಿನದಿನಕ್ಕೆ ಹಂಚಲು ಬರುವುದಿಲ್ಲ, ರಜೆಗೆ ಕೂಡಿಡಬೇಕು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ನವೆಂಬರಿನಲ್ಲಿ ನಾಟಕೋತ್ಸವ ನಡೆಯುತ್ತದೆ; ಒಂದು ರಾತ್ರಿಯಾದರೂ ಹೋಗಿ ಬಯಲು ರಂಗಮಂದಿರದಲ್ಲಿ ಕೂತು ನೋಡಿ ಬನ್ನಿ, ವರ್ಷಕ್ಕಾಗುವಷ್ಟು ಬುತ್ತಿ ಸಿಗುತ್ತದೆ. ಅವರ ಪ್ರಶ್ನೆಯನ್ನು ಇನ್ನೊಮ್ಮೆ ತೆಗೆದುಕೊಳ್ಳುತ್ತೇನೆ.

ಈಗ ನಿನ್ನ ಹುಳದ ತಕರಾರು. ತಲೆ ಚೆನ್ನಾಗಿದೆ, ಕೂದಲು ಗಂಟುಗಳಿಂದ ಗೊಂಚಲಾಗಿ ಹೊರಡುವುದನ್ನು ಸರಿಯಾಗಿ ಹಿಡಿದಿದ್ದೀಯ. ಮುಂದಿನ ಮೂರು ಜೊತೆ ನಿಜವಾದ ಕಾಲುಗಳೂ ಸರಿ. ಆದರೆ ಹಿಂದಿನ ಹೊಟ್ಟೆಗಾಲುಗಳನ್ನು ಎಣಿಸಿದೆ, ಆರು ಜೊತೆ ಬರೆದಿದ್ದೀಯ. ಪತಂಗದ, ಚಿಟ್ಟೆಯ ಮರಿಗೆ ಹೊಟ್ಟೆಗಾಲು ಐದು ಜೊತೆಗಿಂತ ಹೆಚ್ಚಿರುವುದಿಲ್ಲ: ನಡುವೆ ನಾಲ್ಕು, ತುದಿಯಲ್ಲಿ ಒಂದು. ಆರು ಅಥವಾ ಅದಕ್ಕೂ ಹೆಚ್ಚು ಇದ್ದರೆ ಅದು ಕಂಬಳಿಹುಳವೇ ಅಲ್ಲ, ಗರಗಸ ನೊಣ ಎಂಬ ಕಣಜದ ಬಳಗದ ಕೀಟದ ಮರಿ, ಅದಕ್ಕೆ ಇಷ್ಟು ಕೂದಲಿರುವುದಿಲ್ಲ. ಒಂದೋ ನೀನು ನೆನಪಿನಿಂದ ಬರೆದಿದ್ದೀಯ, ಇಲ್ಲವೇ ಸಾಲು ಚೆಂದ ಕಾಣಲಿ ಎಂದು ಒಂದು ಜೊತೆ ಸೇರಿಸಿದ್ದೀಯ. ಮುಂದಿನ ಮುಂಗಾರಿಗೆ ಊರಿಗೆ ಹೋದಾಗ ಒಂದು ಹುಳವನ್ನು ಬಾಟಲಿಗೆ ಹಾಕಿಕೊಂಡು, ಕಡ್ಡಿಯಿಂದ ಮಗುಚಿ, ಕಾಲು ಎಣಿಸಿ ಮತ್ತೆ ಬರೆ. ಬರಿಗೈಯಲ್ಲಿ ಮುಟ್ಟಬೇಡ, ನವೆ ಬರುತ್ತದೆ. ಬರೆದದ್ದನ್ನು ನನಗೆ ಕಳಿಸು.